ಅಪರೂಪದ ಇಂಗ್ಲಿಷ್ ಪದಗಳಿಗೆ ಓಇಡಿ ಆನ್‌ಲೈನ್: ಬಳಸಿ ನೋಡಿದವರಿಗೆ ತಿಳಿದಂತೆ

ಅರ್ಥ ಒಂದು ಸಿಕ್ಕರೆ ಸಾಕು ಎನ್ನುವವರಿಗೆ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ (ಓಇಡಿ) ಬೇಕಿಲ್ಲ, ಮೊಬೈಲಿನ ಯಾವ ನಿಘಂಟಾದರೂ ಆದೀತು. ಆದರೆ ಒಂದು ಪದವನ್ನು ಯಾರು, ಯಾವ ಕಾಲದಲ್ಲಿ, ಯಾವ ಛಾಯೆಯಲ್ಲಿ ಬಳಸಿದರು ಎಂದು ತಿಳಿಯಬೇಕಿದ್ದರೆ ಇದಕ್ಕೆ ಸಾಟಿಯಿಲ್ಲ. 1884ರಿಂದ 1928ರವರೆಗೆ ಕಂತುಗಳಲ್ಲಿ ಬಂದ ನಿಘಂಟು 1989ರ ಎರಡನೇ ಆವೃತ್ತಿಯಲ್ಲಿ 20 ಸಂಪುಟಗಳಿಗೆ ಬೆಳೆಯಿತು. 2000ದಿಂದ ಆನ್‌ಲೈನ್‌ನಲ್ಲಿದೆ.

‘ಇನ್‌ಕಾರ್ನಡೈನ್’ (incarnadine) ಎಂದು ಹುಡುಕಿದರೆ ಇದರ ಶಕ್ತಿ ಗೊತ್ತಾಗುತ್ತದೆ. ವಿಶೇಷಣಕ್ಕೂ ಕ್ರಿಯಾಪದಕ್ಕೂ ಬೇರೆ ಬೇರೆ ನಮೂದುಗಳಿವೆ, ಎರಡನ್ನೂ ತೆರೆಯಬೇಕು. ಪದದ ಬೇರು ‘ಮಾಂಸ’ ಎಂಬರ್ಥದ ಲ್ಯಾಟಿನ್ ಪದ. ಹಾಗಾಗಿ ವಿಶೇಷಣದ ಹಳೆಯ ಅರ್ಥ ಮೈಬಣ್ಣದ, ತಿಳಿಗೆಂಪಿನ ಎಂದು. ‘ಮ್ಯಾಕ್‌ಬೆತ್’ ನಾಟಕದ ಎರಡನೇ ಅಂಕ, ಎರಡನೇ ದೃಶ್ಯದಲ್ಲಿ ಶೇಕ್ಸ್‌ಪಿಯರ್ ಇದನ್ನು ಕ್ರಿಯಾಪದ ಮಾಡಿದ. ರಾಜ ಡಂಕನ್ನನನ್ನು ಕೊಂದು ಬಂದ ಮ್ಯಾಕ್‌ಬೆತ್, ನೆತ್ತರು ಮೆತ್ತಿದ ತನ್ನ ಕೈ ಕಡಲುಗಳನ್ನೇ ಕೆಂಪು ಮಾಡೀತು ಎನ್ನುತ್ತಾನೆ. ಕಡಲಿನ ಹಸಿರು ಕೆಂಪಾಗುತ್ತದೆ ಎಂದು ಮರುಸಾಲಿನಲ್ಲಿ ಕವಿಯೇ ಅರ್ಥ ಬಿಡಿಸಿಡುತ್ತಾನೆ. ಅಲ್ಲಿಂದ ಪದಕ್ಕೆ ರಕ್ತದ ಬಣ್ಣ ಅಂಟಿಕೊಂಡಿತು. 1859ರಲ್ಲಿ ಇಂಗ್ಲಿಷ್ ಕವಿ ಫಿಟ್ಜ್‌ಜೆರಾಲ್ಡ್ ಪರ್ಷಿಯನ್ ಕವಿ ಉಮರ್ ಖಯ್ಯಾಮನ ಅನುವಾದದಲ್ಲಿ ಗುಲಾಬಿಯ ಹಳದಿ ಕೆನ್ನೆ ಕೆಂಪೇರಲೆಂದು ಇದೇ ಕ್ರಿಯಾಪದವನ್ನು ತಂದ. ಅಲ್ಲಿ ಕೊಲೆಯಿಲ್ಲ, ಮದಿರೆಯಿದೆ. ಅರ್ಥ ಹೀಗೆ ಹೊರಳುವುದನ್ನು ಒಂದು ಸಾಲಿನ ವ್ಯಾಖ್ಯೆ ಕೊಡಲಾರದು.

ಎಡವುವುದು ಹೆಚ್ಚಾಗಿ ಅರ್ಥಗಳ ಕ್ರಮದಲ್ಲಿ. ಓಇಡಿಯಲ್ಲಿ ಸಾಮಾನ್ಯವಾಗಿ ಹಳೆಯ ಅರ್ಥವೇ ಮೊದಲು ಬರುತ್ತದೆ. ಒಂದನೆಯದನ್ನು ಈಗಿನ ಅರ್ಥವೆಂದು ಎತ್ತಿಕೊಂಡರೆ ಕೆಟ್ಟಿತು. ಪಕ್ಕದಲ್ಲಿ ಕಠಾರಿಯ ಚಿಹ್ನೆ (†) ಇದ್ದರೆ ಆ ಬಳಕೆ ನಿಂತುಹೋಗಿದೆ ಎಂದರ್ಥ. ಇಸವಿಯ ಮುಂದಿನ ‘ಎ’ ಅಕ್ಷರ ‘ಅದಕ್ಕೂ ಮುಂಚೆ’ ಎನ್ನುತ್ತದೆ, ‘ಸಿ’ ಅಕ್ಷರ ‘ಸುಮಾರಿಗೆ’ ಎನ್ನುತ್ತದೆ. ಮೊದಲ ಉಲ್ಲೇಖದ ಇಸವಿ ಪದ ಹುಟ್ಟಿದ ಇಸವಿಯಲ್ಲ, ಸಂಪಾದಕರ ಕೈಗೆ ಸಿಕ್ಕ ಅತಿ ಹಳೆಯ ದಾಖಲೆಯ ಇಸವಿ, ಅಷ್ಟೆ. ಎರಡನೇ ಆವೃತ್ತಿಯಲ್ಲಿ ಶೇಕ್ಸ್‌ಪಿಯರನ ಉಲ್ಲೇಖಗಳೇ ಸುಮಾರು 33,000. ಹಳೆಯ ಸಂಪಾದಕರು ಅವನನ್ನು ಅಷ್ಟು ಜಾಲಾಡಿದ್ದರಿಂದ ‘ಮೊದಲು ಬಳಸಿದವನು’ ಎಂಬ ಹೆಗ್ಗಳಿಕೆ ಅವನಿಗೆ ಅಗತ್ಯಕ್ಕಿಂತ ಹೆಚ್ಚೇ ಸಂದಿದೆ. ಎಷ್ಟೋ ಪದಗಳಿಗೆ ಆಮೇಲೆ ಇನ್ನೂ ಹಳೆಯ ದಾಖಲೆ ಸಿಕ್ಕಿದೆ.

ಪರಿಷ್ಕರಣೆ ಇನ್ನೂ ಮುಗಿದಿಲ್ಲ. ಕೆಲವು ನಮೂದುಗಳು ಹೊಸತು, ಕೆಲವು ನೂರು ವರ್ಷಕ್ಕೂ ಹಳೆಯವು. ನಮೂದಿನ ಇತಿಹಾಸ ಎಂಬ ಭಾಗವನ್ನು ತೆರೆದು ನೋಡದೆ ಉದ್ಧರಿಸಬೇಡಿ.

ಪದ ಎಷ್ಟು ಅಪರೂಪ ಎಂಬುದಕ್ಕೆ 1ರಿಂದ 8ರವರೆಗಿನ ಬಳಕೆಯ ದರ್ಜೆ ಇದೆ, 8 ಎಂದರೆ ತೀರಾ ಬಳಕೆಯ ಪದ. ಒಂದೇ ಕಾಲದ ಸಮಾನಾರ್ಥಕಗಳನ್ನು ತೋರಿಸುವ ಐತಿಹಾಸಿಕ ಪರ್ಯಾಯಕೋಶದ ಕೊಂಡಿಯೂ ಉಂಟು. ಕವಿ ಯಾವ ಪದಗಳನ್ನು ಬಿಟ್ಟು ಇದನ್ನು ಆಯ್ದ ಎಂದು ನೋಡಲು ಇಷ್ಟು ಒಳ್ಳೆಯ ಸಾಧನ ಬೇರೊಂದಿಲ್ಲ.

ಉಲ್ಲೇಖಗಳು ಒಂದೆರಡು ಸಾಲಿನವು. ಯಾರ ಮಾತು, ಯಾರಿಗೆ, ಯಾವ ಧಾಟಿಯಲ್ಲಿ ಎಂಬುದು ಅವುಗಳಿಂದ ತಿಳಿಯುವುದಿಲ್ಲ. ಅಂಕ, ದೃಶ್ಯದ ಸಂಖ್ಯೆ ಹಿಡಿದು ಮೂಲ ಕೃತಿಗೆ ಹೋಗಲೇಬೇಕು. ಪೂರ್ತಿ ಬಳಕೆಗೆ ಚಂದಾ ಕಟ್ಟಬೇಕು. ಕಟ್ಟುವ ಮುನ್ನ ನಿಮ್ಮ ಗ್ರಂಥಾಲಯವೋ ವಿಶ್ವವಿದ್ಯಾಲಯವೋ ಚಂದಾದಾರನೇ ಎಂದು ವಿಚಾರಿಸಿ. ಆಗಿದ್ದರೆ ಆ ಸದಸ್ಯತ್ವದಲ್ಲೇ ಒಳಗೆ ಹೋಗಬಹುದು.