ಸಿಮ್ ಇರುವ ಟ್ರೈಲ್ ಕ್ಯಾಮೆರಾ: ನಾಲ್ಕು ಜಿಂಕೆ ಸೀಸನ್ ಬಳಸಿದ ಮೇಲೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕಾಡಂಚಿನಲ್ಲಿ ನಾಲ್ಕು ವರ್ಷದಿಂದ ಈ ಕ್ಯಾಮೆರಾವನ್ನು ಮರಕ್ಕೆ ಕಟ್ಟುತ್ತಿದ್ದೇನೆ. ಮಳೆ, ಮೊಣಕಾಲುದ್ದ ಹಿಮ, ಒಂದು ಸಲ ಕರಡಿಯ ಹಲ್ಲು, ಎಲ್ಲವನ್ನೂ ತಡೆದುಕೊಂಡಿದೆ. ಯಂತ್ರವಾಗಿ ಐದಕ್ಕೆ ನಾಲ್ಕು ಅಂಕ ಕೊಡಬಲ್ಲೆ. ಆದರೂ ಈಗ ಸೆಪ್ಟೆಂಬರ್ ಮಧ್ಯದಲ್ಲಿ ಬಿಲ್ಲು ಬೇಟೆ ಶುರುವಾದ ದಿನದಿಂದ ಜನವರಿಯಲ್ಲಿ ಸೀಸನ್ ಮುಗಿಯುವ ತನಕ ಇದರ ಸಿಮ್ ತೆಗೆದಿಡುತ್ತೇನೆ. ಕೊಳ್ಳುವ ಯೋಚನೆಯಲ್ಲಿರುವವರು ಮೆಗಾಪಿಕ್ಸೆಲ್ ಲೆಕ್ಕಕ್ಕಿಂತ ಮೊದಲು ಇದರ ಕಾರಣ ತಿಳಿದುಕೊಳ್ಳಲಿ ಎಂದು ಇಷ್ಟು ಉದ್ದ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ: ಇದು ಅಂಗೈಗಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ. ಎದುರಿಗೆ ಬಿಸಿ ಮೈಯೊಂದು ಹಾದುಹೋದರೆ ಅದರೊಳಗಿನ ಸೆನ್ಸರ್‌ಗೆ ಉಷ್ಣದ ವ್ಯತ್ಯಾಸ ತಿಳಿಯುತ್ತದೆ, ಫೋಟೊ ತೆಗೆಯುತ್ತದೆ, ಮೊಬೈಲ್ ನೆಟ್‌ವರ್ಕ್ ಮೂಲಕ ಫೋನಿಗೆ ಕಳಿಸುತ್ತದೆ. ಸೆನ್ಸರ್ ಅಳೆಯುವುದು ವ್ಯತ್ಯಾಸವನ್ನು ಮಾತ್ರ. ಹಾಗಾಗಿ ಕಡು ಬೇಸಿಗೆಯ ಮಧ್ಯಾಹ್ನ ಸುತ್ತಲಿನ ಗಾಳಿಯೇ ಜಿಂಕೆಯ ಮೈಯಷ್ಟು ಬಿಸಿಯಾದಾಗ ಕಣ್ಣೆದುರು ಹೋದದ್ದನ್ನೂ ಬಿಟ್ಟುಬಿಡುತ್ತದೆ. ಬಿಸಿಲು ಕುಡಿದ ಹುಲ್ಲು ಗಾಳಿಗೆ ಆಡಿದರೆ ಅದನ್ನೇ ಪ್ರಾಣಿ ಎಂದುಕೊಳ್ಳುತ್ತದೆ. ಮೊದಲ ಜುಲೈನಲ್ಲಿ ಒಂದೇ ದಿನ ನಾನೂರಕ್ಕೂ ಹೆಚ್ಚು ಫೋಟೊ ಬಂದವು, ಎಲ್ಲದರಲ್ಲೂ ಅದೇ ಒಂದು ಹಳದಿ ಹೂವಿನ ಗಿಡ. ಮರುದಿನ ಹೋಗಿ ಕತ್ತರಿಯಿಂದ ಆ ಗಿಡ ಕತ್ತರಿಸಿ ಬಂದೆ. ಅಂದು ಬಂದದ್ದು ಒಂಬತ್ತು ಫೋಟೊ, ಒಂಬತ್ತರಲ್ಲೂ ಜಿಂಕೆ.

ರಾತ್ರಿಯ ಬೆಳಕಿನಲ್ಲಿ ಎರಡು ಬಗೆ. 850 ನ್ಯಾನೋಮೀಟರ್ ಇನ್‌ಫ್ರಾರೆಡ್ ದೀಪಗಳಿದ್ದರೆ ಚಿತ್ರ ಸ್ಪಷ್ಟ, ದೂರದವರೆಗೂ ಕಾಣುತ್ತದೆ, ಆದರೆ ದೀಪ ಹೊತ್ತಿದಾಗ ಮಂದ ಕೆಂಪು ಚುಕ್ಕೆಗಳು ತೋರುತ್ತವೆ. 940ರದ್ದಾದರೆ ಬರಿಗಣ್ಣಿಗೆ ಏನೂ ಕಾಣದು, ಚಿತ್ರ ಮಾತ್ರ ಸ್ವಲ್ಪ ಮಸುಕು. ನನ್ನದು 940. ಕಳ್ಳರ ಕಣ್ಣಿಗೆ ಬೀಳದಿರಲಿ ಎಂದು ಅದನ್ನೇ ಆರಿಸಿದೆ, ತಪ್ಪೆನಿಸಿಲ್ಲ.

ಬ್ಯಾಟರಿ ವಿಷಯದಲ್ಲಿ ಜಿಪುಣತನ ಬೇಡ. ಮಾಮೂಲಿ ಆಲ್ಕಲೈನ್ ಸೆಲ್‌ಗಳು ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಬಹಳ ಬೇಗ ಸೋಲುತ್ತವೆ. ಲಿಥಿಯಂ ಸೆಲ್‌ಗೆ ದುಡ್ಡು ಹೆಚ್ಚು, ಬಾಳಿಕೆಯೂ ಹೆಚ್ಚು. ಸಿಗ್ನಲ್ ಕಡಿಮೆ ಇರುವ ಕಡೆ ಕಟ್ಟಿದರೆ ಒಂದೊಂದು ಫೋಟೊ ಕಳಿಸಲೂ ಹೆಣಗಾಡಿ ಬ್ಯಾಟರಿ ತಿಂದುಹಾಕುತ್ತದೆ. ನಾನು ಅಂಕ ಕಡಿದದ್ದು ಚಂದಾ ವಿಷಯಕ್ಕೆ. ಎರಡನೇ ವರ್ಷ ಮಾಸಿಕ ಪ್ಲಾನ್ ಬೆಲೆಯನ್ನು ಹೇಳದೆ ಕೇಳದೆ ಏರಿಸಿದರು, ಕೇಳಿದರೆ ಸಿದ್ಧ ಉತ್ತರ ಬಂತು.

ಬೇಸಿಗೆಯಲ್ಲಿ ಇದು ಕಲಿಸಿದ್ದನ್ನು ಮಾತ್ರ ಎಂದೂ ಮರೆಯಲಾರೆ. ಜುಲೈನಲ್ಲಿ ಗಂಡುಗಳ ಕೊಂಬಿಗೆ ಇನ್ನೂ ಮಖಮಲ್ಲಿನಂಥ ಪೊರೆ ಇರುತ್ತದೆ. ನಾಲ್ಕೈದು ಗಂಡುಗಳು ಜಗಳವಿಲ್ಲದೆ ಒಟ್ಟಿಗೆ ಮೇಯುತ್ತವೆ. ಸೆಪ್ಟೆಂಬರ್ ಹೊತ್ತಿಗೆ ಪೊರೆ ಕಳಚಿ, ಮರಕ್ಕೆ ಕೊಂಬು ತಿಕ್ಕಿ, ಒಬ್ಬೊಬ್ಬನೂ ತನ್ನ ದಾರಿ ಹಿಡಿಯುತ್ತಾನೆ. ಎಡಗಿವಿ ಹರಿದ ಒಂದು ಹೆಣ್ಣು ಮೂರು ವರ್ಷ ಸತತವಾಗಿ ಒಂದೇ ತೊರೆ ದಾಟುವಲ್ಲಿ ಮರಿಗಳ ಜೊತೆ ಕಾಣಿಸಿತು. ಹಿಕ್ಕೆ, ಹೆಜ್ಜೆ, ಸವೆದ ಜಾಡು ನೋಡಿ ಅಂದಾಜು ಮಾಡುತ್ತಿದ್ದದ್ದಕ್ಕೆ ಕ್ಯಾಮೆರಾ ಸಾಕ್ಷಿ ಒದಗಿಸಿತು. ಹಲವು ಸಲ ನನ್ನ ಅಂದಾಜು ಶುದ್ಧ ತಪ್ಪು ಎಂದೂ ತೋರಿಸಿತು. ಇಲ್ಲಿಯವರೆಗೆ ನನಗೆ ಯಾವ ಅಳುಕೂ ಇಲ್ಲ.

ಅಳುಕು ಹುಟ್ಟಿದ್ದು ಎರಡನೇ ವರ್ಷದ ನವೆಂಬರ್‌ನಲ್ಲಿ. ಬೆದೆಯ ಕಾಲ. ಕತ್ತಲಿರುವಾಗಲೇ ಮರದ ಮೇಲಿನ ಅಟ್ಟಣೆ ಹತ್ತಿ ಕೂತಿದ್ದೆ. ರಾತ್ರಿ ಮಳೆ ಬಂದು ಎಲೆಗಳೆಲ್ಲ ಒದ್ದೆ, ಕಾಲಿಟ್ಟರೂ ಸದ್ದಿಲ್ಲ. ಬೆಳಿಗ್ಗೆ ಏಳು ದಾಟಿತ್ತು, ಜೇಬಿನಲ್ಲಿ ಫೋನ್ ನಡುಗಿತು. ತೊರೆಯ ಬಳಿಯ ಕ್ಯಾಮೆರಾ: ಕೊಂಬಿಗೆ ಎಂಟು ಕವಲಿರುವ ಗಂಡು, ಮೂಗು ನೆಲಕ್ಕೆ ಹಚ್ಚಿ ಹೆಣ್ಣಿನ ಜಾಡು ಹಿಡಿದಿದೆ. ಫೋಟೊ ತೆಗೆದು ಎರಡು ನಿಮಿಷವೂ ಆಗಿರಲಿಲ್ಲ. ನಾನಿದ್ದಲ್ಲಿಂದ ಮುನ್ನೂರು ಹೆಜ್ಜೆ. ಅಟ್ಟಣೆ ಇಳಿದೆ, ಗಾಳಿಗೆ ಎದುರಾಗಿ ಸುತ್ತುಬಳಸಿ ನಡೆದೆ, ಓಕ್ ಮರವೊಂದರ ಹಿಂದೆ ನಿಂತೆ. ಇಪ್ಪತ್ತೆರಡು ಗಜದಲ್ಲಿ ಬಂತು. ಬಾಣ ಸರಿಯಾದ ಕಡೆಗೇ ನಾಟಿತು. ನಲವತ್ತು ಹೆಜ್ಜೆ ಓಡಿ ಬಿತ್ತು.

ನನಗೆ ಬೇಟೆ ಕಲಿಸಿದವರು ಪಕ್ಕದ ಜಮೀನಿನ ಹಿರಿಯರು, ಎಪ್ಪತ್ತು ದಾಟಿದವರು. ಎಳೆದು ತರಲು ಸಹಾಯಕ್ಕೆ ಕರೆದೆ. ಬಂದವರು ಅಟ್ಟಣೆ ಇದ್ದ ಕಡೆ ನೋಡಿದರು, ಬಿದ್ದ ಜಿಂಕೆ ನೋಡಿದರು. “ಅಲ್ಲಿಂದ ಇಳಿದು ಇಲ್ಲಿಗೆ ಯಾಕೆ ಬಂದೆ?” ಎಂದು ಕೇಳಿದರು. ಫೋನ್ ತೋರಿಸಿದೆ. ಆ ಫೋಟೊವನ್ನು ಸುಮಾರು ಹೊತ್ತು ನೋಡಿ ನನ್ನ ಕೈಗೆ ವಾಪಸು ಕೊಟ್ಟರು. “ಹಿಂಗಾಲು ನೀನು ಹಿಡಿ” ಎಂದರು, ಅಷ್ಟೇ. ಆ ಚಳಿಗಾಲ ಪೂರ್ತಿ ಮನೆಯಲ್ಲಿ ಆ ಮಾಂಸ ಉಂಡೆವು. ಆದರೆ ಆ ಬೇಟೆಯ ಕಥೆ ಯಾರಾದರೂ ಕೇಳಿದರೆ ಫೋನ್ ನಡುಗಿದ್ದನ್ನು ಬಿಟ್ಟು ಹೇಳುತ್ತಿದ್ದೆ. ಕೆಲವು ತಿಂಗಳ ನಂತರ ನನಗೇ ಇದು ಗಮನಕ್ಕೆ ಬಂದು ಮನಸ್ಸು ಕೆಟ್ಟಿತು.

ನಾನು ಮಾಡಿದ್ದು ಕಾನೂನುಬಾಹಿರವಾಗಿರಲಿಲ್ಲ. ಬೇರೆ ರಾಜ್ಯಗಳಲ್ಲಿ ಕಥೆ ಬೇರೆ. ಅರಿಜೋನಾ 2022ರ ಜನವರಿ 1ರಿಂದ ಬೇಟೆಗೆ ನೆರವಾಗುವಂತೆ ಟ್ರೈಲ್ ಕ್ಯಾಮೆರಾ ಬಳಸುವುದನ್ನೇ ನಿಷೇಧಿಸಿದೆ, ಸಿಮ್ ಇರಲಿ ಬಿಡಲಿ. ನೆವಾಡಾದ ಸಾರ್ವಜನಿಕ ಭೂಮಿಯಲ್ಲಿ ಆಗಸ್ಟ್‌ನಿಂದ ಡಿಸೆಂಬರ್ ಕೊನೆಯವರೆಗೆ ಕ್ಯಾಮೆರಾ ಕಟ್ಟುವಂತಿಲ್ಲ. ಫೋಟೊ ರವಾನಿಸುವ ಬಗೆಯದಾದರೆ ನಿಷೇಧ ಜುಲೈನಿಂದಲೇ ಶುರು. ನ್ಯೂ ಹ್ಯಾಂಪ್‌ಶೈರ್ ಗೆರೆ ಎಳೆದಿರುವುದು ದಿನದ ಮೇಲೆ: ನೇರ ಚಿತ್ರ ಕಳಿಸುವ ಕ್ಯಾಮೆರಾ ನೋಡಿ ಅದೇ ದಿನ ಬೇಟೆಯಾಡಬಾರದು. ಒಣ ಪ್ರದೇಶಗಳಲ್ಲಿ ನಿಯಮ ಬಿಗಿಯಾಗಿರುವುದಕ್ಕೆ ಕಾರಣವಿದೆ. ಅಲ್ಲಿ ಮೈಲುಗಟ್ಟಲೆಗೆ ಒಂದೇ ನೀರಿನ ಗುಂಡಿ. ಅದರ ಸುತ್ತ ಹತ್ತಾರು ಕ್ಯಾಮೆರಾ, ಅವುಗಳ ಬ್ಯಾಟರಿ ಬದಲಿಸಲು ದಿನವೂ ಓಡಾಡುವ ಜನ. ನೀರಡಿಸಿದ ಪ್ರಾಣಿಗೆ ಬೇರೆ ದಾರಿಯೇ ಇಲ್ಲ. ಇಲ್ಲಿ ಹೆಜ್ಜೆಗೊಂದು ತೊರೆ ಇರುವುದರಿಂದ ನಮ್ಮ ಕಾಡಿಗೆ ಆ ವಾದ ಅಷ್ಟು ಅಂಟುವುದಿಲ್ಲ, ಒಪ್ಪುತ್ತೇನೆ.

ಆದರೆ ನ್ಯೂ ಹ್ಯಾಂಪ್‌ಶೈರ್‌ನ ಗೆರೆ ಎಲ್ಲ ಕಾಡಿಗೂ ಅಂಟುತ್ತದೆ. ಬೂನ್ ಆಂಡ್ ಕ್ರಾಕೆಟ್ ಕ್ಲಬ್ ಎಂಬ ಬೇಟೆಗಾರರ ಸಂಘ, 1887ರಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ಕಟ್ಟಿದ್ದು, ‘ಫೇರ್ ಚೇಸ್’ ಎಂಬ ತತ್ವದ ಮೇಲೆ ನಿಂತಿದೆ: ಬೇಟೆಗಾರನಿಗೆ ಪ್ರಾಣಿಯ ಮೇಲೆ ಅನುಚಿತವಾದ ಮೇಲುಗೈ ಸಿಗಬಾರದು. ಆ ಕ್ಷಣದ ಮಾಹಿತಿ ನೋಡಿ ಆ ಕ್ಷಣವೇ ಬೆನ್ನು ಹತ್ತಿ ಹೊಡೆದ ಪ್ರಾಣಿಯನ್ನು ಆ ಕ್ಲಬ್ ದೊಡ್ಡ ಕೊಂಬುಗಳ ತನ್ನ ದಾಖಲೆಗೆ ಸೇರಿಸುವುದಿಲ್ಲ. ನನ್ನ ಎಂಟು ಕವಲಿನದು ದಾಖಲೆಯ ಅಳತೆಗೆ ಹತ್ತಿರವೂ ಇರಲಿಲ್ಲ. ಆದರೂ ಆ ನಿಯಮ ಓದಿದಾಗ ಅದು ವಿವರಿಸುತ್ತಿದ್ದದ್ದು ನಾನು ಅಟ್ಟಣೆಯಿಂದ ಇಳಿದ ಆ ಬೆಳಗನ್ನೇ.

“ಜಿಂಕೆ ಸಂಖ್ಯೆ ಇಷ್ಟಿರುವಾಗ ಏನು ತೊಂದರೆ?” ಎಂದು ಗೆಳೆಯರು ಕೇಳುತ್ತಾರೆ. ನಿಜ, 1900ರ ಹೊತ್ತಿಗೆ ಅಮೆರಿಕದಲ್ಲಿ ಬಿಳಿಬಾಲದ ಜಿಂಕೆ ಐದು ಲಕ್ಷಕ್ಕೆ ಇಳಿದಿತ್ತು ಎನ್ನುವ ಅಂದಾಜಿದೆ, ಈಗ ಸುಮಾರು ಮೂರು ಕೋಟಿ. ಕ್ಯಾಮೆರಾದಿಂದ ಈ ಸಂತತಿ ಅಳಿಯುವುದಿಲ್ಲ. ಎಷ್ಟು ಹೊಡೆಯಬಹುದು ಎಂಬುದನ್ನು ಸರ್ಕಾರ ಕೊಡುವ ಟ್ಯಾಗ್‌ಗಳೇ, ಅಂದರೆ ಜಿಂಕೆಗೊಂದರಂತೆ ಕೊಡುವ ಪರವಾನಗಿ ಚೀಟಿಗಳೇ, ನಿಯಂತ್ರಿಸುತ್ತವೆ. ನನ್ನ ಪ್ರಶ್ನೆ ಇರುವುದು ಆ ಒಂದು ಪ್ರಾಣಿಯ ಬಗ್ಗೆ. ಅದಕ್ಕೆ ಮೂಗಿದೆ, ಕಿವಿಯಿದೆ, ಐದಾರು ವರ್ಷ ಬದುಕಿ ಕಲಿತ ಎಚ್ಚರವಿದೆ. ನಾನು ಅಟ್ಟಣೆಯಲ್ಲಿ ಕೂತಿರುವಾಗ ಅವೆಲ್ಲ ಕೆಲಸಕ್ಕೆ ಬರುತ್ತವೆ, ಬಹುತೇಕ ದಿನ ಅದೇ ಗೆಲ್ಲುತ್ತದೆ. ಮರಕ್ಕೆ ಅಂಟಿದ, ವಾಸನೆಯಿಲ್ಲದ, ಸದ್ದಿಲ್ಲದ ಪೆಟ್ಟಿಗೆಯ ಮುಂದೆ ಅದರ ಯಾವ ಎಚ್ಚರವೂ ನಡೆಯುವುದಿಲ್ಲ.

ಡ್ರೋನ್ ಬಗ್ಗೆಯೂ ಹೇಳಿಬಿಡುತ್ತೇನೆ, ಏಕೆಂದರೆ ಮೈಯ ಬಿಸಿಯಿಂದ ಪ್ರಾಣಿಯನ್ನು ತೋರಿಸುವ ಥರ್ಮಲ್ ಡ್ರೋನ್ ಬಾಡಿಗೆಗೆ ಕೊಡುವವರು ಹೆಚ್ಚುತ್ತಿದ್ದಾರೆ. ವಿಮಾನದಿಂದ ವನ್ಯಪ್ರಾಣಿಗೆ ಗುಂಡು ಹಾರಿಸುವುದನ್ನೂ ಅದನ್ನು ಅಟ್ಟಾಡಿಸುವುದನ್ನೂ 1971ರ ಫೆಡರಲ್ ಕಾಯ್ದೆಯೇ ತಡೆದಿದೆ. ಹಾರುವ ಯಂತ್ರದಿಂದ ಜಿಂಕೆ ಹುಡುಕಿ ನೆಲದಲ್ಲಿರುವ ಬೇಟೆಗಾರನಿಗೆ ತಿಳಿಸುವುದು ನಮ್ಮ ರಾಜ್ಯದಲ್ಲಿ ಅಪರಾಧ. ಗಾಯಗೊಂಡು ತಪ್ಪಿಸಿಕೊಂಡದ್ದನ್ನು ಹುಡುಕಲು ಬಳಸಿದರೆ? ಇಲ್ಲಿ ನನ್ನ ಮನಸ್ಸು ಮೃದುವಾಗುತ್ತದೆ. ಹೊಡೆದದ್ದನ್ನು ನರಳಲು ಬಿಟ್ಟು ಬರುವುದಕ್ಕಿಂತ ದೊಡ್ಡ ತಪ್ಪು ಬೇಟೆಯಲ್ಲಿಲ್ಲ. ಆದರೆ ಮೇಲೆ ಹಾರುವ ಕ್ಯಾಮೆರಾ ಗಾಯಗೊಂಡ ಜಿಂಕೆಯನ್ನಷ್ಟೇ ತೋರಿಸುವುದಿಲ್ಲ, ಆ ಇಡೀ ಕಾಡಿನಲ್ಲಿ ಮಲಗಿರುವ ಪ್ರತಿಯೊಂದನ್ನೂ ತೋರಿಸುತ್ತದೆ. ಇವತ್ತು ಹುಡುಕಾಟಕ್ಕೆ ಎಂದು ಹಾರಿಸಿದವನು ನಾಳೆ ಎಲ್ಲಿ ಕೂರಬೇಕೆಂದು ಅದರಿಂದಲೇ ತಿಳಿಯುತ್ತಾನೆ. ಕಾನೂನು ಹಿಂದೆಮುಂದೆ ನೋಡುವುದು ಇದಕ್ಕೇ. ಹಗ್ಗದಲ್ಲಿ ಹಿಡಿದ ನಾಯಿಯಿಂದ ರಕ್ತದ ಜಾಡು ಹುಡುಕಿಸಬಹುದು, ನಾನು ಮೊದಲು ಕರೆಯುವುದು ನಾಯಿ ಇರುವವರನ್ನೇ.

ಮನುಷ್ಯರ ವಿಷಯವೂ ಇದೆ. ಸಾರ್ವಜನಿಕ ಭೂಮಿಯಲ್ಲಿ ಕಟ್ಟಿದ್ದಾಗ ಒಂದು ಮಧ್ಯಾಹ್ನ ಯಾರೋ ತಾಯಿ ಮಗು ಅಣಬೆ ಆರಿಸುತ್ತಿರುವ ಫೋಟೊ ನನ್ನ ಫೋನಿಗೆ ಬಂತು. ಮಗು ನೇರವಾಗಿ ಕ್ಯಾಮೆರಾ ನೋಡುತ್ತಿತ್ತು. ತಕ್ಷಣ ಅಳಿಸಿದೆ, ಕಂಪನಿಯ ಸರ್ವರ್‌ನಿಂದಲೂ ತೆಗೆಸಿದೆ. ಇಲ್ಲಿನ ಸರ್ಕಾರಿ ಕಾಡಿನಲ್ಲಿ ಕಟ್ಟಿದರೆ ಮಾಲೀಕನ ಹೆಸರು ವಿಳಾಸ ಅಥವಾ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಕೊಟ್ಟ ಗ್ರಾಹಕ ಸಂಖ್ಯೆ ಕಾಣುವಂತೆ ಬರೆದಿರಬೇಕು. ಬರೆಯದವರು ಬಹಳ. ದಯವಿಟ್ಟು ಬರೆಯಿರಿ, ಕಾಲುದಾರಿಗೆ ಮುಖಮಾಡಿ ಕಟ್ಟಬೇಡಿ.

ಭಾರತದಿಂದ ಓದುತ್ತಿರುವವರಿಗೆ: ಅಲ್ಲಿ ಇದೇ ಬಗೆಯ ಕ್ಯಾಮೆರಾ ಹುಲಿ ಗಣತಿಗೆ ಬಳಕೆಯಲ್ಲಿದೆ. 1972ರ ವನ್ಯಜೀವಿ ಕಾಯ್ದೆ ಜಿಂಕೆ ಬೇಟೆಯನ್ನೇ ನಿಷೇಧಿಸಿರುವುದರಿಂದ ಆ ಉದ್ದೇಶಕ್ಕೆ ಇದನ್ನು ಕೊಳ್ಳುವ ಮಾತೇ ಬರುವುದಿಲ್ಲ.

ಅಮೆರಿಕದಲ್ಲಿರುವವರು ಕೊಳ್ಳುವುದಾದರೆ, ಮೊದಲು ನಿಮ್ಮ ರಾಜ್ಯದ ಈ ವರ್ಷದ ನಿಯಮಪುಸ್ತಕ ಓದಿ, ಕಳೆದ ವರ್ಷದ್ದನ್ನು ನಂಬಬೇಡಿ. ಬೇಸಿಗೆಯಲ್ಲಿ ಕಾಡು ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಸೀಸನ್‌ನಲ್ಲಿ ಸಿಮ್ ತೆಗೆದರೂ ಮೆಮೊರಿ ಕಾರ್ಡ್‌ಗೆ ಫೋಟೊ ಬೀಳುತ್ತಲೇ ಇರುತ್ತದೆ, ಜನವರಿಯಲ್ಲಿ ತೆಗೆದು ನೋಡಬಹುದು.

ಕಳೆದ ಸೀಸನ್‌ನ ಕಾರ್ಡನ್ನು ಹಾಗೆಯೇ ತೆಗೆದು ನೋಡಿದೆ. ನವೆಂಬರ್‌ನ ಒಂದು ಬೆಳಗ್ಗೆ, 7:12ರಿಂದ 7:16ರವರೆಗೆ, ದಪ್ಪ ಕತ್ತಿನ ದೊಡ್ಡ ಗಂಡೊಂದು ತೊರೆಯ ಬಳಿ ಅಲುಗಾಡದೆ ನಿಂತಿದೆ. ಎಲ್ಲ ಫೋಟೊಗಳಲ್ಲೂ ತಲೆ ಎತ್ತಿ ನನ್ನ ಅಟ್ಟಣೆಯ ಕಡೆಗೇ ನೋಡುತ್ತಿದೆ. ಆ ಹೊತ್ತಿನಲ್ಲಿ ನಾನು ಅಲ್ಲೇ ಕೂತಿದ್ದೆ, ನನಗೆ ಏನೂ ಗೊತ್ತಾಗಿರಲಿಲ್ಲ. ಫೋಟೊಗಳನ್ನು ಹಿರಿಯರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಒಂದೊಂದಾಗಿ ನೋಡಿದರು.

“ಅವತ್ತು ಗಾಳಿ ಯಾವ ಕಡೆಯಿಂದ ಇತ್ತು?” ಎಂದು ಕೇಳಿದರು.