ಸ್ವಿಂಗ್ ಕುಣಿತಕ್ಕೆ ಶೂ, ಬಟ್ಟೆ: ಮೊದಲು ಅಟ್ಟೆ ನೋಡಿ

ಸ್ವಿಂಗ್ ಎಂಬ ಜಾಝ್ ಸಂಗೀತಕ್ಕೆ ಜೋಡಿಯಾಗಿ ಕುಣಿಯುವ ಲಿಂಡಿ ಹಾಪ್ ಕಲಿಯಲು ಬರುವವರಲ್ಲಿ ಹೆಚ್ಚಿನವರ ಕಾಲಲ್ಲಿ ಇರುವುದು ಓಟದ ಶೂ. ಮೆತ್ತಗಿದೆ, ದುಡ್ಡು ಕೊಟ್ಟು ತಂದದ್ದು, ಹಾಗಾಗಿ ಇದಕ್ಕೂ ಆದೀತು ಎಂಬ ನಂಬಿಕೆ. ಸ್ವಿಂಗ್‌ಗೆ ಇದಕ್ಕಿಂತ ಕೆಟ್ಟ ಆಯ್ಕೆ ಸಿಗುವುದು ಕಷ್ಟ. ಮುಂದಕ್ಕೆ ಓಡುವಾಗ ನೆಲವನ್ನು ಕಚ್ಚಿ ಹಿಡಿಯಲೆಂದೇ ಆ ಅಟ್ಟೆಗೆ ಗೀರುಗಳನ್ನು ಕೊಟ್ಟಿರುತ್ತಾರೆ. ಸ್ವಿಂಗ್‌ನಲ್ಲಿ ಪಾದ ಓಡುವುದಿಲ್ಲ, ತಿರುಗುತ್ತದೆ. ಪಾದ ನೆಲಕ್ಕೆ ಅಂಟಿಕೊಂಡು ಮೈ ಮಾತ್ರ ತಿರುಗಿದರೆ ಆ ತಿರುಚು ಪೂರ್ತಿ ಮಂಡಿಗೆ ಬೀಳುತ್ತದೆ. ಮೇಲಾಗಿ ಎತ್ತರದ ಫೋಮ್ ಮೇಲೆ ಪಕ್ಕಕ್ಕೆ ಕಾಲಿಟ್ಟರೆ ಪಾದದ ಗಿಣ್ಣು ವಾಲುತ್ತದೆ. ಎರಡು ಗಂಟೆ ಕುಣಿದ ಮೇಲೆ ಮಂಡಿ ನೋವು ಎನ್ನುವವರು ಹೆಜ್ಜೆಯನ್ನು ತಿದ್ದುವ ಮೊದಲು ಶೂ ಬದಲಿಸಿ ನೋಡಬೇಕು.

ಈ ಕುಣಿತ ಬೆಳೆದದ್ದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. 1926ರಲ್ಲಿ ಬಾಗಿಲು ತೆರೆದು 1958ರಲ್ಲಿ ಮುಚ್ಚಿದ ಸವಾಯ್ ಬಾಲ್‌ರೂಮ್‌ನ ನುಣುಪಾದ ಮರದ ನೆಲ ಅದಕ್ಕೆ ತೊಟ್ಟಿಲು. ಅಲ್ಲಿ ಕುಣಿದು ಹೆಸರಾದ ಫ್ರಾಂಕಿ ಮ್ಯಾನಿಂಗ್, ನಾರ್ಮಾ ಮಿಲ್ಲರ್ ಅವರ ಕಾಲದಲ್ಲಿ ತೊಗಲಿನ ಅಟ್ಟೆಯ ಶೂ ದಿನಬಳಕೆಯ ವಸ್ತು. ಮರದ ಮೇಲೆ ತೊಗಲು ಎಷ್ಟು ಜಾರುತ್ತದೋ ಅಷ್ಟು ಜಾರಿಕೆಗೆ ಹೊಂದಿಕೊಂಡ ಹೆಜ್ಜೆಗಳಿವು. ಬೆಂಗಳೂರಿನಲ್ಲಿ ಕುಣಿಯುವವರಿಗೆ ಸಿಗುವುದು ಬಹುಪಾಲು ವಿಟ್ರಿಫೈಡ್ ಟೈಲ್ಸ್, ಗ್ರಾನೈಟ್, ಅಪರೂಪಕ್ಕೆ ಮರ. ಅಮೆರಿಕದವರು ಹೊಗಳಿದ ಶೂ ಇಲ್ಲಿ ಹಾಗೇ ಒಗ್ಗುವುದಿಲ್ಲ. ನೆಲ ಮತ್ತು ಅಟ್ಟೆಯನ್ನು ಜೋಡಿಯಾಗಿ ನೋಡಬೇಕು.

ಪರೀಕ್ಷೆ ಸರಳ. ಒಂದೇ ಕಾಲ ಮೇಲೆ ನಿಂತು, ಹಿಮ್ಮಡಿಯನ್ನು ಕೂದಲೆಳೆಯಷ್ಟು ಎತ್ತಿ, ಮುಂಗಾಲಲ್ಲಿ ಮೆಲ್ಲಗೆ ಅರ್ಧ ಸುತ್ತು ತಿರುಗಿ. ಪಾದ, ಮಂಡಿ, ಸೊಂಟ ಒಟ್ಟಿಗೆ ತಿರುಗಿ ಒಟ್ಟಿಗೆ ನಿಂತರೆ ಸರಿ. ಪಾದ ಮೊದಲೇ ನಿಂತು ಮಂಡಿ ಮುಂದೆ ಹೋದರೆ ಅಟ್ಟೆ ಅಂಟುತ್ತಿದೆ. ಆಮೇಲೆ ರಾಕ್ ಸ್ಟೆಪ್, ಅಂದರೆ ಒಂದು ಕಾಲನ್ನು ಹಿಂದಿಟ್ಟು ಮತ್ತೆ ಮುಂದಿನ ಕಾಲಿಗೆ ಭಾರ ತರುವ ಹೆಜ್ಜೆ, ಹಾಕಿ ನೋಡಿ. ಹಿಂದಿಟ್ಟ ಕಾಲು ಇಟ್ಟಲ್ಲಿ ನಿಲ್ಲದೆ ಹಿಂದಕ್ಕೆ ಸರಿದರೆ ಜಾರಿಕೆ ಹೆಚ್ಚಾಯಿತು. ಅಂಗಡಿಯ ಕಾರ್ಪೆಟ್ ಮೇಲೆ ಇದು ತಿಳಿಯುವುದಿಲ್ಲ, ಬರಿಯ ನೆಲದ ಮೇಲೇ ಮಾಡಿ.

ಈಗ ಒಂದೊಂದೇ ಶೂ. ಸ್ವಿಂಗ್ ಕುಣಿಯುವವರಿಗೆಂದೇ ತಯಾರಾಗುವ ಅಮೆರಿಕದ ಏರಿಸ್ ಅಲೆನ್ ಶೂಗಳಲ್ಲಿ ಮೆಚ್ಚುಗೆಗೆ ಅರ್ಹವಾದದ್ದು ಸ್ವೇಡ್ ಅಟ್ಟೆ, ಅಂದರೆ ನವಿರಾದ ಜುಂಗು ಇರುವ ತೊಗಲಿನ ಅಟ್ಟೆ. ಮರದ ಮೇಲೆ ಇದು ತಿರುಗಲು ಬಿಡುತ್ತದೆ, ನಿಲ್ಲಬೇಕಾದಾಗ ನಿಲ್ಲುತ್ತದೆ. ಟೈಲ್ಸ್ ಮೇಲೂ ಧೂಳಿಲ್ಲದಿದ್ದರೆ ನಂಬಬಹುದು. ಹಳೆಯ ಕಾಲದ ಆಕ್ಸ್‌ಫರ್ಡ್ ರೂಪದ್ದು ನೋಡಲೂ ಚೆಂದ. ತೊಡಕು ಎರಡು. ಒಂದು, ಸ್ವೇಡ್ ನೀರು ಕಂಡರೆ ಹಾಳು. ಈ ಶೂ ಹಾಕಿಕೊಂಡು ರಸ್ತೆಗಿಳಿಯುವಂತಿಲ್ಲ, ಚೀಲದಲ್ಲಿ ಒಯ್ದು ಹಾಲ್‌ನಲ್ಲೇ ಹಾಕಿಕೊಳ್ಳಬೇಕು. ಇನ್ನೊಂದು ಅಳತೆ. ಅಮೆರಿಕದ ನಂಬರ್ ನಮ್ಮ ಅಂಗಡಿಗಳ ಯುಕೆ ನಂಬರ್ ಅಲ್ಲ. ಗಂಡಸರ ಶೂನಲ್ಲಿ ಸುಮಾರು ಒಂದು, ಹೆಂಗಸರ ಶೂನಲ್ಲಿ ಸುಮಾರು ಎರಡು ನಂಬರ್ ವ್ಯತ್ಯಾಸ. ಸಂಜೆ, ಪಾದ ಊದಿಕೊಂಡಿರುವ ಹೊತ್ತಿನಲ್ಲಿ, ಕಾಗದದ ಮೇಲೆ ನಿಂತು ಗೆರೆ ಎಳೆದು ಸೆಂಟಿಮೀಟರ್‌ನಲ್ಲಿ ಅಳೆದು ತರಿಸಿ. ಕಸ್ಟಮ್ಸ್ ಸುಂಕ ಕಟ್ಟಿ ತರಿಸಿದ್ದನ್ನು ವಾಪಸ್ ಕಳಿಸುವುದು ದೊಡ್ಡ ರಗಳೆ.

ಕೆಡ್ಸ್ ಚಾಂಪಿಯನ್ 1916ರಿಂದ ಇರುವ ಕ್ಯಾನ್ವಾಸ್ ಶೂ, ಫಾಲೋ ಮಾಡುವವರಲ್ಲಿ, ಅಂದರೆ ಜೋಡಿಯಲ್ಲಿ ಲೀಡ್ ಮಾಡುವವರ ಸೂಚನೆಯಂತೆ ಹೆಜ್ಜೆಯಿಡುವವರಲ್ಲಿ, ಬಹಳ ಜನಪ್ರಿಯ. ಹಗುರ, ಚಪ್ಪಟೆ, ನೆಲ ಕಾಲಿಗೆ ತಿಳಿಯುತ್ತದೆ. ಆದರೆ ಹೊಸದರಲ್ಲಿ ರಬ್ಬರ್ ಅಂಟುತ್ತದೆ, ಒಳಗೆ ಪಾದದ ಕಮಾನಿಗೆ ಹೇಳಿಕೊಳ್ಳುವಂಥ ಆಸರೆಯಿಲ್ಲ. ಚಪ್ಪಟೆ ಪಾದದವರು ಬೇರೆ ಇನ್‌ಸೋಲ್ ಹಾಕದೆ ಒಂದು ರಾತ್ರಿ ಕುಣಿದರೆ ಮರುದಿನ ಹಿಮ್ಮಡಿ ಹಿಡಿದುಕೊಳ್ಳುತ್ತದೆ. ನಮ್ಮಲ್ಲಿ ಶಾಲೆಯ ಪಿ.ಟಿ. ಪೀರಿಯಡ್‌ಗೆ ಹಾಕುವ ಬಿಳಿ ಕ್ಯಾನ್ವಾಸ್ ಶೂ ಇದರ ಜಾತಿಯದೇ. ಅದಕ್ಕೆ ಸ್ವೇಡ್ ಅಂಟಿಸಿದರೆ ಆಮದು ಶೂವಿನ ಬಹುಪಾಲು ಗುಣ ತೀರಾ ಕಡಿಮೆ ಖರ್ಚಿನಲ್ಲಿ ಬರುತ್ತದೆ. ಹೊಸಬರಿಗೆ ಕಣ್ಣು ಮುಚ್ಚಿ ಹೇಳಬಹುದಾದ ದಾರಿ ಇದು.

ಅಂಟಿಸುವ ಕೆಲಸವನ್ನು ಅವಸರದಲ್ಲಿ ಮಾಡಬಾರದು. ಗೀರು ಹೆಚ್ಚಿಲ್ಲದ, ಸಮತಟ್ಟಾದ ಅಟ್ಟೆಯ ಶೂ ಆರಿಸಿ. ಒಂದೂವರೆಯಿಂದ ಎರಡು ಮಿಲಿಮೀಟರ್ ದಪ್ಪದ ಸ್ವೇಡ್ ತನ್ನಿ. ಉಡುಪಿಗೆ ಬಳಸುವ ತೆಳು ಸ್ವೇಡ್ ಮುಂಗಾಲಿನ ಕೆಳಗೆ ಬೇಗ ತೂತು ಬೀಳುತ್ತದೆ. ರಬ್ಬರನ್ನು 80 ನಂಬರಿನ ಉಪ್ಪುಕಾಗದದಿಂದ ಹೊಳಪು ಪೂರ್ತಿ ಹೋಗುವ ತನಕ ಉಜ್ಜಿ, ಪುಡಿ ಒರೆಸಿ. ಚಪ್ಪಲಿ ಹೊಲಿಯುವವರು ಬಳಸುವ ಸಲ್ಯೂಷನ್ನನ್ನು ರಬ್ಬರಿಗೂ ತೊಗಲಿನ ಜುಂಗಿಲ್ಲದ ಬದಿಗೂ ತೆಳ್ಳಗೆ ಹಚ್ಚಿ ಹತ್ತು ಹದಿನೈದು ನಿಮಿಷ ಬಿಡಿ. ಬೆರಳಿಟ್ಟರೆ ಅಂಟು ಬೆರಳಿಗೆ ಬರಬಾರದು, ಆಗ ಜೋಡಿಸಬೇಕು. ಶೂವಿನ ಮುಂತುದಿಯಿಂದ ಹಿಮ್ಮಡಿಯ ಕಡೆಗೆ ಒತ್ತುತ್ತಾ ಬಂದು, ಸುತ್ತಿಗೆಯಿಂದ ಹಗುರಾಗಿ ತಟ್ಟಿ, ಒಂದು ದಿನ ಮುಟ್ಟದೆ ಇಟ್ಟು, ಅಂಚನ್ನು ಬ್ಲೇಡಿನಿಂದ ಕತ್ತರಿಸಿ. ಜುಂಗು ಹೊರಗಿರಬೇಕು ಎಂಬುದನ್ನು ಶೂ ರಿಪೇರಿಯವರಿಗೂ ಒತ್ತಿ ಹೇಳಿ. ಅವರ ಕೈ ನುಣುಪು ಬದಿಯನ್ನೇ ಹೊರಗಿಡಲು ಹೋಗುವುದು ಸಹಜ. ಕೆಲವು ವಾರದಲ್ಲಿ ತುದಿ ಎದ್ದು ಬಂದರೆ ಕಾರಣ ಸಾಮಾನ್ಯವಾಗಿ ಎರಡೇ: ಸರಿಯಾಗಿ ಉಜ್ಜಿಲ್ಲ, ಇಲ್ಲವೇ ಅಂಟು ಹಸಿಯಿರುವಾಗಲೇ ಜೋಡಿಸಿದ್ದಾರೆ. ಹಿಮ್ಮಡಿಯ ರಬ್ಬರನ್ನು ಹಾಗೇ ಬಿಟ್ಟು ಮುಂಗಾಲಿಗೆ ಮಾತ್ರ ಅಂಟಿಸಿದರೆ ಹಿಮ್ಮಡಿ ಬ್ರೇಕ್ ಆಗುತ್ತದೆ. ಜಾರುವ ಟೈಲ್ಸ್ ಮೇಲೆ ಅಭ್ಯಾಸ ಮಾಡುವವರಿಗೆ ಇದು ಇನ್ನೂ ವಾಸಿ.

ಬಳಸುತ್ತಾ ಹೋದಂತೆ ಧೂಳು, ನೆಲದ ಪಾಲಿಶ್ ತುಂಬಿಕೊಂಡು ಸ್ವೇಡ್ ಕಪ್ಪಗಾಗಿ ಹೊಳೆಯತೊಡಗುತ್ತದೆ. ಆಗ ತಂತಿ ಬ್ರಷ್‌ನಿಂದ ಒಂದೇ ದಿಕ್ಕಿಗೆ ನಾಲ್ಕಾರು ಸಲ ಎಳೆದರೆ ಜುಂಗು ಏಳುತ್ತದೆ. ದಿನಾ ಉಜ್ಜಿದರೆ ತೊಗಲೇ ಸವೆಯುತ್ತದೆ. ಅಟ್ಟೆಗೆ ಟೇಪ್ ಸುತ್ತಿ ಕುಣಿಯುವವರಿದ್ದಾರೆ, ಅದರ ಅಂಟು ನೆಲಕ್ಕೆ ಹತ್ತಿ ಉಳಿದವರ ಕಾಲು ಹಿಡಿಯುತ್ತದೆ. ನೆಲಕ್ಕೆ ಟಾಲ್ಕಂ ಪೌಡರ್ ಎರಚುವುದಂತೂ ಕೂಡದು. ನಿಮಗೆ ಹಿತವಾದ ಜಾರಿಕೆಯಲ್ಲಿ ಪಕ್ಕದವರು ಬೀಳುತ್ತಾರೆ.

ಗಟ್ಟಿ ತೊಗಲಿನ ಅಟ್ಟೆಯ ಆಫೀಸ್ ಶೂ ಮರದ ನೆಲಕ್ಕೆ ಅದ್ಭುತ. ಪಾದ ನೆಲದಿಂದ ಹೆಚ್ಚು ಏಳದ, ವೇಗದ ಬಾಲ್ಬೋವಾ ಎಂಬ ಸ್ವಿಂಗ್ ಕುಣಿತಕ್ಕೆ ಅದಕ್ಕಿಂತ ಒಳ್ಳೆಯದು ಸಿಗದು. ಪಾಲಿಶ್ ಮಾಡಿದ ಗ್ರಾನೈಟ್ ಮೇಲೆ ಮಾತ್ರ ಅದು ಅಪಾಯ. ಹೀಲ್ಸ್ ಬೇಕೆನ್ನುವವರು ಒಂದೂವರೆ ಇಂಚಿನೊಳಗಿನ, ಅಗಲ ಬುಡದ, ಪಾದದ ಮೇಲೆ ಪಟ್ಟಿಯಿರುವ ಶೂ ಆರಿಸಿ. ಪಟ್ಟಿಯಿಲ್ಲದ ಪಂಪ್ಸ್ ಮೊದಲ ಕಿಕ್‌ಗೇ ಹಾರಿಹೋಗುತ್ತದೆ. ಚೂಪು ಹೀಲ್ ಪಕ್ಕದವರ ಪಾದಕ್ಕೆ ಇಳಿದರೆ ಆಗುವ ಗಾಯ ಸಣ್ಣದಲ್ಲ.

ಬಟ್ಟೆಯ ವಿಷಯದಲ್ಲಿ ಮೊದಲ ಪ್ರಶ್ನೆ ಬೆವರು. ಹತ್ತಿ ಬೆವರನ್ನು ಹೀರುತ್ತದೆ, ಆದರೆ ಒಣಗುವುದು ನಿಧಾನ. ದಪ್ಪ ಹತ್ತಿ ಟೀ ಶರ್ಟ್ ಅರ್ಧ ಗಂಟೆಯಲ್ಲಿ ಮೈಗೆ ಮೆತ್ತಿಕೊಳ್ಳುತ್ತದೆ, ಜೊತೆಯವರ ಕೈಗೂ ಹಿತವಲ್ಲ. ತೆಳು ಲಿನನ್ ಅಥವಾ ತೆಳು ಹತ್ತಿಯ ಶರ್ಟ್, ಒಳಗೆ ಬನಿಯನ್, ಚೀಲದಲ್ಲಿ ಇನ್ನೆರಡು ಒಣ ಶರ್ಟ್, ಒಂದು ಕೈಟವೆಲ್. ಪೂರ್ತಿ ಪಾಲಿಯೆಸ್ಟರ್ ಬೇಗ ಒಣಗಿದರೂ ವಾಸನೆ ಹಿಡಿದಿಡುತ್ತದೆ. ಜೋಡಿ ಬದಲಿಸುತ್ತಾ ಕುಣಿಯುವ ಸೋಶಿಯಲ್ ಡ್ಯಾನ್ಸ್‌ನಲ್ಲಿ ಒಂದು ಸಂಜೆಗೆ ಹತ್ತಾರು ಜನರ ಹತ್ತಿರ ನಿಲ್ಲಬೇಕಲ್ಲ.

ಕೊಳ್ಳುವ ಮುನ್ನ ಟ್ರಯಲ್ ರೂಮಿನಲ್ಲೇ ಕೈಗಳೆರಡನ್ನೂ ಮೇಲೆತ್ತಿ ನೋಡಿ. ಕಂಕುಳಲ್ಲಿ ಎಳೆದು ಶರ್ಟ್ ಪೂರ್ತಿ ಮೇಲೆ ಬಂದರೆ ಬೇಡ. ಪ್ಯಾಂಟ್ ಹಾಕಿಕೊಂಡು ಮಂಡಿಯನ್ನು ಸೊಂಟದವರೆಗೆ ಎತ್ತಿ, ಆಮೇಲೆ ಅರ್ಧ ಕೂತು ನೋಡಿ. ಚಾರ್ಲ್ಸ್‌ಟನ್ ಎಂಬ ಕುಣಿತದ ಒದೆತಗಳಿಗೆ ಬಿಗಿ ಜೀನ್ಸ್ ತೊಡೆ ಹಿಡಿಯುತ್ತದೆ, ಹೊಲಿಗೆ ಬಿಡುವುದೂ ತೊಡೆಸಂದಿಯಲ್ಲೇ. ಸವಾಯ್ ಕಾಲದ ಎತ್ತರ ಸೊಂಟದ, ಮುಂದೆ ನೆರಿಗೆಯ, ಸಡಿಲ ಕಾಲಿನ ಪ್ಯಾಂಟ್ ಬರೀ ಅಲಂಕಾರವಲ್ಲ. ನೆರಿಗೆ ಕಾಲೆತ್ತಿದಾಗ ಬಿಚ್ಚಿಕೊಂಡು ಜಾಗ ಕೊಡುತ್ತದೆ, ಎತ್ತರ ಸೊಂಟ ಶರ್ಟನ್ನು ಒಳಗೇ ಹಿಡಿಯುತ್ತದೆ. ನಿಮ್ಮ ಟೈಲರ್‌ಗೆ ಹೇಳಿ ಹೊಲಿಸಿದರೆ ಅಂಗಡಿಯದಕ್ಕಿಂತ ಚೆನ್ನಾಗಿ ಬರುತ್ತದೆ. ಕೆಳ ಅಂಚು ಮಾತ್ರ ಹಿಮ್ಮಡಿಯ ಕೆಳಗೆ ಇಳಿಯಬಾರದು, ಹಿಂದಕ್ಕೆ ಹೆಜ್ಜೆಯಿಟ್ಟಾಗ ಅದನ್ನೇ ತುಳಿಯುತ್ತೀರಿ.

ಲಂಗಕ್ಕೆ ಘೇರು ಬೇಕು, ಉದ್ದ ಮಂಡಿಯಿಂದ ಸ್ವಲ್ಪ ಕೆಳಗಿದ್ದರೆ ಸಾಕು. ಒಳಗೆ ಸೈಕ್ಲಿಂಗ್ ಶಾರ್ಟ್ಸ್ ಕಡ್ಡಾಯ, ತಿರುಗುವಾಗ ಲಂಗ ಸೊಂಟದವರೆಗೂ ಏಳುತ್ತದೆ. ಪಕ್ಕದಲ್ಲಿ ಸೀಳಿರುವ ಕುರ್ತಿ, ಸಡಿಲ ಪೈಜಾಮ ಸ್ವಿಂಗ್‌ಗೆ ಚೆನ್ನಾಗಿ ಹೊಂದುತ್ತದೆ, ದುಪಟ್ಟಾ ಮಾತ್ರ ಕುರ್ಚಿಯ ಮೇಲಿರಲಿ. ಫಾಲೋ ಮಾಡುವವರ ಬೆನ್ನಿನ ಬಟ್ಟೆಯ ಬಗ್ಗೆ ಯಾರೂ ಹೇಳುವುದಿಲ್ಲ, ಆದರೆ ಲಿಂಡಿ ಹಾಪ್‌ನ ಮುಖ್ಯ ಚಲನೆಯಾದ ಸ್ವಿಂಗ್ ಔಟ್‌ನಲ್ಲಿ ಲೀಡ್ ಮಾಡುವವರ ಬಲಗೈ ಇರುವುದು ಅಲ್ಲೇ. ಸ್ಯಾಟಿನ್, ರೇಷ್ಮೆ ಆದರೆ ಕೈ ಜಾರಿ ಸೂಚನೆ ತಲುಪುವುದಿಲ್ಲ. ಬೆನ್ನಿಲ್ಲದ ಬ್ಲೌಸ್ ಆದರೆ ಬೆವರಿದ ಚರ್ಮದ ಮೇಲೆ ಇಬ್ಬರಿಗೂ ಮುಜುಗರ. ಚಮಕಿ ಕೆಲಸ ಅಂಗೈ ತರಚುತ್ತದೆ.

ಉಂಗುರ, ಗಾಜಿನ ಬಳೆ, ಲೋಹದ ಪಟ್ಟಿಯ ವಾಚು, ಉದ್ದ ಸರ, ದೊಡ್ಡ ಬಕಲ್‌ನ ಬೆಲ್ಟ್ ಎಲ್ಲ ತೆಗೆದಿಡಿ. ಕೈ ಹಿಡಿದು ಎಳೆಯುವ ಕುಣಿತದಲ್ಲಿ ಉಂಗುರ ಹಾಕಿದವರ ಬೆರಳಿಗೂ ಕುತ್ತು, ಹಿಡಿದವರ ಬೆರಳಿಗೂ ಕುತ್ತು. ಜೇಬಿನ ಫೋನು, ಬೀಗದ ಕೈ ಸಹ ಹೊರಗಿರಲಿ. ಕುಣಿತ ಮುಗಿದ ಮೇಲೆ ಒದ್ದೆ ಕಾಲುಚೀಲವನ್ನು ಶೂ ಒಳಗೆ ತುರುಕಿ ಚೀಲ ಕಟ್ಟಬೇಡಿ, ಬೂಸ್ಟು ಹಿಡಿಯುತ್ತದೆ. ಒಳಗೆ ಹಳೆಯ ಪತ್ರಿಕೆ ತುಂಬಿ, ಬಿಸಿಲಿಗಿಡದೆ ನೆರಳಲ್ಲಿ ಗಾಳಿಗೆ ಬಿಡಿ. ಬಿಸಿಲಿನ ಕಾವಿಗೆ ತೊಗಲು ಸೆಟೆದು, ಅಂಟೂ ಬಿಡುತ್ತದೆ.