ಆಗದ ಆಪರೇಷನ್‌ಗೆ ಅರಿವಳಿಕೆಯ ಬಿಲ್: ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆ

ಬಳ್ಳಾರಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ನಮ್ಮ ಮಾವನವರ ಹರ್ನಿಯಾ ಆಪರೇಷನ್, ಅವರನ್ನು ಓಟಿ ಟೇಬಲ್ ಮೇಲೆ ಮಲಗಿಸಿದ ಮೇಲೆ ರದ್ದಾಯಿತು. ರಕ್ತದೊತ್ತಡ 180/110ರ ಕೆಳಗೆ ಇಳಿಯದ ಕಾರಣ ಅರಿವಳಿಕೆ ತಜ್ಞರು ಬೆನ್ನಿಗೆ ಅರಿವಳಿಕೆಯ ಇಂಜೆಕ್ಷನ್ ಕೊಡಲು ಒಪ್ಪಲಿಲ್ಲ. ತುರ್ತಿಲ್ಲದ ಆಪರೇಷನ್‌ಗೆ ಇದು ಸರಿಯಾದ ನಿರ್ಧಾರವೇ ಆಗಿತ್ತು. ತಜ್ಞರು ತಾವೇ ಹೊರಗೆ ಬಂದು ಕಾರಣವನ್ನು ಬಿಡಿಸಿ ಹೇಳಿದರು. ನಮ್ಮ ತಕರಾರು ಇರುವುದು ಬಿಲ್ಲಿಂಗ್ ಕೌಂಟರಿನ ಬಗ್ಗೆ ಮಾತ್ರ.

ಬಿಲ್ಲಿನಲ್ಲಿ ಶಸ್ತ್ರವೈದ್ಯರ ಶುಲ್ಕವನ್ನು ಬಿಟ್ಟಿದ್ದರು. ಆದರೆ ಅದೇ ಶುಲ್ಕದ ಶೇ. 30ರಷ್ಟೆಂದು ಲೆಕ್ಕ ಹಾಕಿದ ಅರಿವಳಿಕೆ ಶುಲ್ಕ ಪೂರ್ತಿಯಾಗಿ ಹಾಗೆಯೇ ಉಳಿದಿತ್ತು. ವಿಚಾರಿಸಿದರೆ, "ಪ್ಯಾಕೇಜ್ ಸರ್, ಸಿಸ್ಟಮ್‌ನಲ್ಲಿ ಹಂಗೇ ಬರ್ತದ" ಎಂಬ ಉತ್ತರ ಬಂತು.

ಅರಿವಳಿಕೆಯನ್ನೇ ಕೊಡಲಿಲ್ಲವೆಂದು ಒಂದು ರೂಪಾಯಿಯನ್ನೂ ಕೊಡುವುದಿಲ್ಲ ಎನ್ನುವುದು ನ್ಯಾಯವಲ್ಲ. ರೋಗಿ ಅರಿವಳಿಕೆಗೆ ಯೋಗ್ಯರೇ ಎಂದು ಮುಂಚಿತವಾಗಿ ನಡೆಸಿದ ಪಿಎಸಿ ತಪಾಸಣೆ, ಓಟಿಯಲ್ಲಿ ತಜ್ಞರು ಕಳೆದ ಸಮಯ, ಕೈಗೆ ಹಾಕಿದ ಕ್ಯಾನುಲಾ, ಒಡೆದ ಮೇಲೆ ಇನ್ನೊಬ್ಬ ರೋಗಿಗೆ ಬಳಸಲಾಗದ ಔಷಧದ ಆಂಪೂಲ್, ಇವೆಲ್ಲಕ್ಕೂ ಖರ್ಚಿದೆ. ಅರಿವಳಿಕೆ ಕೊಟ್ಟ ನಂತರ ಆಪರೇಷನ್ ನಿಂತಿದ್ದರೆ ಪೂರ್ಣ ಶುಲ್ಕ ಕೇಳಿದರೂ ಒಪ್ಪಬಹುದಿತ್ತು. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ವ್ಯವಸ್ಥೆಯಲ್ಲಿ ಆಸ್ಪತ್ರೆಯ ಹೊರರೋಗಿ ಬಿಲ್ಲಿಗೆ ಇದೇ ಗೆರೆ ಎಳೆದಿದ್ದಾರೆ: ಅರಿವಳಿಕೆಗೆ ಮೊದಲೇ ರದ್ದಾದರೆ 73 ಎಂಬ ಸಂಕೇತ ಹಾಕಿ ಅರ್ಧ ದರ, ನಂತರ ನಿಂತರೆ 74 ಎಂಬ ಸಂಕೇತದಡಿ ಪೂರ್ಣ ದರ. ನಮ್ಮ ಕೈಗೆ ಬಂದ ಬಿಲ್ಲಿನಲ್ಲಿ ಆಪರೇಷನ್ ಯಾವ ಹಂತದಲ್ಲಿ ನಿಂತಿತೆಂಬ ಉಲ್ಲೇಖವೇ ಇರಲಿಲ್ಲ.

ನೆರವಾದದ್ದು ಅರಿವಳಿಕೆ ದಾಖಲೆಯ ಹಾಳೆ. ಔಷಧ, ಪ್ರಮಾಣ, ವೇಳೆ ಎಲ್ಲವೂ ಅದರಲ್ಲಿ ದಾಖಲಾಗುತ್ತವೆ. ರೋಗಿಯ ಕಡೆಯವರು ಕೇಳಿದರೆ ವೈದ್ಯಕೀಯ ದಾಖಲೆಗಳನ್ನು 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ನೀತಿಸಂಹಿತೆ ಹೇಳುತ್ತದೆ. ಪ್ರತಿ ತೆಗೆಸಿ ನೋಡಿದಾಗ ಅರಿವಳಿಕೆ ಔಷಧದ ಅಂಕಣ ಖಾಲಿ ಇತ್ತು. ಅದನ್ನು ಮುಂದಿಟ್ಟ ಮೇಲೆ ಮ್ಯಾನೇಜರ್, ಪಿಎಸಿ ಮತ್ತು ಬಳಸಿದ ಸಾಮಗ್ರಿಗಳ ಖರ್ಚನ್ನು ಮಾತ್ರ ಉಳಿಸಿ ಬಿಲ್ ತಿದ್ದಿಸಿದರು. ಒಪ್ಪದಿದ್ದರೆ, 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೊಡುವ ದಾರಿ ಇತ್ತು. ಆದರೆ ಸಿರುಗುಪ್ಪದಿಂದಲೋ ರಾಯದುರ್ಗದಿಂದಲೋ ಬಾಡಿಗೆ ಗಾಡಿ ಮಾಡಿಕೊಂಡು ಬಂದು, ಡಿಸ್ಚಾರ್ಜ್ ಆದರೆ ಸಾಕೆಂದು ಕಾಯುವವರು ಇಷ್ಟೆಲ್ಲ ಕೇಳುತ್ತಾ ಕೂರುವರೇ?

ವಿಮೆಯಿಂದಲೂ ಏನೂ ಸಿಗಲಿಲ್ಲ. ಕ್ಯಾಶ್‌ಲೆಸ್ ಒಪ್ಪಿಗೆ ಆಪರೇಷನ್‌ಗಾಗಿ ಬಂದದ್ದು. ಅದು ನಡೆಯದ್ದರಿಂದ, ಒಂದೇ ದಿನದಲ್ಲಿ ಮುಗಿಯುವ ಆಪರೇಷನ್‌ಗೆ 24 ಗಂಟೆ ದಾಖಲಾಗಿರಬೇಕಿಲ್ಲ ಎನ್ನುವ ಡೇಕೇರ್ ನಿಯಮವೂ ಅನ್ವಯಿಸಲಿಲ್ಲ, ದಾಖಲಾಗಿ 24 ಗಂಟೆಯೂ ಆಗಿರಲಿಲ್ಲ.

ವೈದ್ಯರ ಸೇವೆಯ ದೃಷ್ಟಿಯಿಂದ ಈ ಆಸ್ಪತ್ರೆಗೆ ಯಾರನ್ನಾದರೂ ಕಳಿಸುತ್ತೇನೆ. ಆದರೆ ಅಡ್ವಾನ್ಸ್ ಕಟ್ಟುವ ಮೊದಲು, ಆಪರೇಷನ್ ರದ್ದಾದರೆ ಯಾವ ಹಂತಕ್ಕೆ ಎಷ್ಟು ಶುಲ್ಕ, ಮುಂದಿನ ದಿನಾಂಕಕ್ಕೆ ಪಿಎಸಿ ಹಣವನ್ನು ಮತ್ತೆ ಕೊಡಬೇಕೇ ಎಂಬುದನ್ನು ಅಂದಾಜು ಪಟ್ಟಿಯ ಮೇಲೆಯೇ ಬರೆಸಿ ಸಹಿ ಹಾಕಿಸಿಕೊಳ್ಳಬೇಕು. ನಾವು ಕೇಳಿದಾಗ, ಒಂದು ತಿಂಗಳೊಳಗೆ ಬಂದರೆ ಬೇಡವೆಂದು ಬರೆದುಕೊಟ್ಟರು.